ಕಾಫಿ ಕಣಕ್ಕೆ ಡೆಮಿಂಗ್, ಜುರಾನ್, ಇಷಿಕಾವಾ: ಗುಣಮಟ್ಟದ ಚಿಂತಕರನ್ನು ತೋಟದ ಕೆಲಸಕ್ಕೆ ಹಚ್ಚುವ ದಾರಿ

ಗುಣಮಟ್ಟ ನಿರ್ವಹಣೆಯ ಚಿಂತಕರು ಎಂದ ಕೂಡಲೇ ಎಂಬಿಎ ಓದುವ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಪಟ್ಟಿ ನೆನಪಾಗುತ್ತದೆ. ಡೆಮಿಂಗ್‌ರ ಹದಿನಾಲ್ಕು ಅಂಶ, ಜುರಾನ್‌ರ ಮೂರು, ಕ್ರಾಸ್ಬಿಯವರ ನಾಲ್ಕು. ಹಾಗೆ ಓದಿದರೆ ಎಲ್ಲರೂ ಒಂದೇ ಮಾತನ್ನು ಬೇರೆ ಬೇರೆ ಸಂಖ್ಯೆ ಹಾಕಿ ಹೇಳಿದಂತೆ ಕಾಣುತ್ತದೆ. ನಿಜಕ್ಕೂ ಒಬ್ಬೊಬ್ಬರು ಹಿಡಿದ ಪ್ರಶ್ನೆ ಬೇರೆ ಬೇರೆ. ಯಾವ ಪ್ರಶ್ನೆ ಎದುರಾದಾಗ ಯಾರ ಹತ್ತಿರ ಹೋಗಬೇಕು ಎಂದು ತಿಳಿದರೆ ಸಾಕು, ಬಾಯಿಪಾಠ ಬೇಡ.

ಇದನ್ನು ಕೊಡಗಿನ ಸಣ್ಣ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹತ್ತು-ಹದಿನೈದು ಎಕರೆ ತೋಟ, ಹೆಚ್ಚು ರೋಬಸ್ಟಾ, ಸ್ವಲ್ಪ ಅರೇಬಿಕಾ, ನೆರಳಿನ ಮರಕ್ಕೆ ಹಬ್ಬಿದ ಮೆಣಸು, ಮನೆ ಮುಂದೆ ಕಾಫಿ ಒಣಗಿಸುವ ಒಂದು ಕಣ, ಒಬ್ಬ ಮೇಸ್ತ್ರಿ. ಕಾಫಿ ಕೆಟ್ಟಿತು ಎಂದಾಗ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಹಣ್ಣು ಕೊಯ್ದವರು, ಆಮೇಲೆ ಕಣ ನೋಡಿಕೊಂಡವರು. ಈ ಚಿಂತಕರಲ್ಲಿ ಬಹುಪಾಲು ಜನ ಬೆರಳು ತೋರಿಸುವುದು ಯಜಮಾನನ ಕಡೆಗೆ. ಅದನ್ನು ನುಂಗಿಕೊಳ್ಳಲು ಆಗದಿದ್ದರೆ ಕೆಳಗಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 1: ‘ಒಳ್ಳೆಯ ಕಾಫಿ’ ಯಾರ ಪ್ರಕಾರ ಎಂದು ಬರೆದುಕೊಳ್ಳಿ

ಜೋಸೆಫ್ ಜುರಾನ್ (1904–2008) ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. 1951ರಲ್ಲಿ ಅವರು ಹೊರತಂದ ಗುಣಮಟ್ಟ ನಿಯಂತ್ರಣದ ಕೈಪಿಡಿ ಇಂದಿಗೂ ಆ ಕ್ಷೇತ್ರದ ದಪ್ಪ ಗ್ರಂಥ. ಅವರ ಪ್ರಕಾರ ಗುಣಮಟ್ಟ ಎಂದರೆ ಬಳಸುವವನ ಕೆಲಸಕ್ಕೆ ಒದಗುವುದು. ಫಿಲಿಪ್ ಕ್ರಾಸ್ಬಿ (1926–2001) ಇನ್ನೂ ಬಿಗಿಯಾಗಿ ಹೇಳಿದರು: ಬೇಕಾದ್ದೇನು ಎಂದು ಮೊದಲು ಬರೆಯಿರಿ, ಅದಕ್ಕೆ ಸರಿಹೊಂದಿದರೆ ಗುಣಮಟ್ಟವಿದೆ, ಇಲ್ಲದಿದ್ದರೆ ಇಲ್ಲ. ಇಬ್ಬರ ಶಿಷ್ಯರು ಈ ಬಗ್ಗೆ ಸಾಕಷ್ಟು ಜಗಳವಾಡಿದ್ದಾರೆ. ತೋಟದಲ್ಲಿ ಕುಳಿತವರಿಗೆ ಎರಡೂ ಬೇಕು. ಮೊದಲು ಜುರಾನ್ ಹೇಳಿದಂತೆ ಕೊಳ್ಳುವವನನ್ನು ಕೇಳಿ, ಆಮೇಲೆ ಕ್ರಾಸ್ಬಿ ಹೇಳಿದಂತೆ ಅದನ್ನು ಬರೆದಿಡಿ.

ಕೇಳುವುದು ಏಕೆಂದರೆ ಕೊಳ್ಳುವವರು ಒಂದೇ ಬಗೆಯವರಲ್ಲ. ಗೋಣಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಕೊಳ್ಳುವ ವ್ಯಾಪಾರಿ ನೋಡುವುದು ಮಾಯಿಶ್ಚರ್ (ತೇವಾಂಶ) ಮತ್ತು ಔಟ್‌ಟರ್ನ್. ಐವತ್ತು ಕಿಲೋ ಚೀಲದ ಚೆರ್ರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕವದು. ಕುಶಾಲನಗರ ಕಡೆಯ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸಿ ಗ್ರೇಡ್ ಮಾಡುವ ಕಾರ್ಖಾನೆ) ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಳಪೊರೆ ಸಮೇತ ಒಣಗಿಸಿದ ಬೀಜ) ಕೊಟ್ಟರೆ ಎ, ಬಿ, ಸಿ, ಪಿಬಿ (ಒಂಟಿ ಬೀಜ) ಎಂದು ಗ್ರೇಡ್ ಬೇರೆಯಾಗುತ್ತದೆ, ಕೊನೆಗೆ ಉಳಿಯುವ ಕಪ್ಪು-ಕಂದು-ಚೂರಿಗೆ ಬಿಬಿಬಿ ಎನ್ನುತ್ತಾರೆ. ಬೆಂಗಳೂರಿನ ಸಣ್ಣ ರೋಸ್ಟರ್ ಒಬ್ಬರು ನೇರವಾಗಿ ಕೊಳ್ಳುತ್ತಿದ್ದರೆ ಅವರಿಗೆ ಬಟ್ಟಲಿನ ರುಚಿಯೇ ಮುಖ್ಯ, ಕಾಯಿ ಬೆರೆತಿದ್ದರೆ ಅವರ ನಾಲಿಗೆ ಹಿಡಿದುಬಿಡುತ್ತದೆ. ಮೂವರಿಗೂ ಒಂದೇ ಮಾಲು ಒಪ್ಪಿಸಲು ಹೋದರೆ ಯಾರಿಗೂ ಪೂರ್ತಿ ಸಲ್ಲುವುದಿಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಈ ವರ್ಷದ ಮುಖ್ಯ ಗಿರಾಕಿ ಯಾರು ಎಂದು ಮೇಲೆ ಬರೆಯಿರಿ. ಕೆಳಗೆ ಅವರು ಕೇಳುವ ನಾಲ್ಕೈದು ಸಂಗತಿ, ಆದಷ್ಟೂ ಅಂಕಿಯಲ್ಲಿ. ‘ಚೆನ್ನಾಗಿ ಒಣಗಿರಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ಪಾರ್ಚ್‌ಮೆಂಟಿಗೆ ಶೇ. 10ರ ಆಸುಪಾಸು, ಚೆರ್ರಿಗೆ ಶೇ. 11ರ ಆಸುಪಾಸು ತೇವಾಂಶ ಎಂದು ಬರೆದರೆ ಮೇಸ್ತ್ರಿಗೂ ನಿಮಗೂ ಒಂದೇ ಅರ್ಥವಾಗುತ್ತದೆ. ಆ ಹಾಳೆಯನ್ನು ಗೋಡೌನ್ ಬಾಗಿಲ ಒಳಮೈಗೆ ಅಂಟಿಸಿ.

ಹೆಜ್ಜೆ 2: ಅಳೆಯಿರಿ, ಗೆರೆ ಎಳೆಯಿರಿ

ಇಲ್ಲಿ ವಾಲ್ಟರ್ ಶೂಹಾರ್ಟ್ (1891–1967) ಬರುತ್ತಾರೆ. ಉಳಿದವರೆಲ್ಲ ಇವರ ಹೆಗಲ ಮೇಲೆ ನಿಂತವರು, ಆದರೆ ಹೆಸರು ಮಾಡಿದ್ದು ಉಳಿದವರು. ಶೂಹಾರ್ಟ್ ಓದಿದ್ದು ಭೌತವಿಜ್ಞಾನ. ದೂರವಾಣಿ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದಾಗ, 1924ರ ಮೇ ತಿಂಗಳಲ್ಲಿ, ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕೊಟ್ಟರು. ಅದರಲ್ಲಿದ್ದ ಚಿಕ್ಕ ನಕ್ಷೆಯೇ ಇವತ್ತಿನ ಕಂಟ್ರೋಲ್ ಚಾರ್ಟ್. ಅವರು ಕಂಡದ್ದು ಇಷ್ಟು: ಯಾವ ಕೆಲಸದಲ್ಲೂ ಏರಿಳಿತ ಇದ್ದೇ ಇರುತ್ತದೆ. ಒಂದು ಬಗೆಯ ಏರಿಳಿತ ಆ ಕೆಲಸದ ಮೈಯಲ್ಲೇ ಇರುವಂಥದ್ದು, ನೂರು ಸಣ್ಣ ಕಾರಣಗಳು ಕೂಡಿ ಆದದ್ದು. ಇನ್ನೊಂದು ಹೊರಗಿನಿಂದ ನುಗ್ಗಿದ್ದು, ಹುಡುಕಿದರೆ ಕಾರಣ ಸಿಗುತ್ತದೆ. ಎರಡಕ್ಕೂ ಮದ್ದು ಬೇರೆ.

1947–48ರ ಚಳಿಗಾಲದಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಮಹಾಲನೋಬಿಸರ ಆಹ್ವಾನದ ಮೇಲೆ, ಶೂಹಾರ್ಟ್ ಭಾರತಕ್ಕೂ ಬಂದಿದ್ದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಗುಣಮಟ್ಟ ನಿಯಂತ್ರಣ ವಿಭಾಗ ಇಂದು ಬೆಂಗಳೂರಿನಲ್ಲೂ ಇದೆ. ಇದೆಲ್ಲ ಜಪಾನಿನಿಂದ ಬಂದ ವಿದ್ಯೆ ಎಂದುಕೊಂಡವರಿಗೆ ಈ ಮಾತು.

ಕಣದಲ್ಲಿ ಮಾಡುವುದು ಹೀಗೆ. ಒಂದು ದಿನ ಕೊಯ್ದು ಹರಡಿದ್ದನ್ನು ಒಂದು ಲಾಟ್ ಎಂದು ಕರೆಯಿರಿ. ಒಣಗಿತು ಎಂದು ಗೋಣಿಗೆ ತುಂಬುವ ಮುನ್ನ ಪ್ರತಿ ಲಾಟಿನ ಮಾಯಿಶ್ಚರ್ ನೋಡಿ ಬರೆಯಿರಿ. ಒಂದೇ ಮೀಟರ್ ಬಳಸಿ, ಲಾಟಿನ ಮೂರು ಕಡೆಯಿಂದ ಕಾಫಿ ತೆಗೆದು ಬೆರೆಸಿ ಅಳೆಯಿರಿ. ಬೇರೆ ಬೇರೆ ಮೀಟರ್ ಬೇರೆ ಬೇರೆ ಅಂಕಿ ತೋರಿಸುವುದು ಎಲ್ಲರಿಗೂ ಗೊತ್ತಿರುವ ಕಥೆ. ಹಂಗಾಮಿನ ಶುರುವಿನಲ್ಲೇ ನಿಮ್ಮ ಮೀಟರನ್ನು ವ್ಯಾಪಾರಿಯ ಮೀಟರಿನ ಪಕ್ಕ ಇಟ್ಟು, ಒಂದೇ ಕಾಫಿ ಹಾಕಿ, ವ್ಯತ್ಯಾಸ ಎಷ್ಟು ಎಂದು ಬರೆದಿಟ್ಟುಕೊಳ್ಳಿ.

ಉದಾಹರಣೆಗೆ ಹತ್ತು ಲಾಟ್ ಚೆರ್ರಿಯ ಅಂಕಿ ಹೀಗೆ ಬಂತು ಎನ್ನಿ: 11.2, 11.6, 10.9, 11.4, 11.8, 11.1, 11.5, 11.0, 11.3, 11.7. ಸರಾಸರಿ 11.35. ಈಗ ಪಕ್ಕಪಕ್ಕದ ಅಂಕಿಗಳ ವ್ಯತ್ಯಾಸ ತೆಗೆಯಿರಿ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ನೋಡಬೇಡಿ: 0.4, 0.7, 0.5, 0.4, 0.7, 0.4, 0.5, 0.3, 0.4. ಇವುಗಳ ಸರಾಸರಿ ಸುಮಾರು 0.48. ಅದನ್ನು 2.66ರಿಂದ ಗುಣಿಸಿದರೆ ಸುಮಾರು 1.27. ಈ 2.66 ಸಂಖ್ಯಾಶಾಸ್ತ್ರದವರು ಲೆಕ್ಕ ಹಾಕಿ ಇಟ್ಟಿರುವ ಸ್ಥಿರಾಂಕ, ಕಣ್ಣುಮುಚ್ಚಿ ಬಳಸಬಹುದು. ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ 12.62, ಕಳೆದರೆ ಕೆಳಗಿನ ಗೆರೆ 10.08. ಚೌಕದ ಹಾಳೆಯಲ್ಲಿ ಮೂರು ಗೆರೆ ಎಳೆದು ಮುಂದಿನ ಲಾಟುಗಳನ್ನು ಒಂದೊಂದಾಗಿ ಚುಕ್ಕೆ ಇಡುತ್ತ ಹೋಗಿ. ಹತ್ತು ಲಾಟ್ ಆರಂಭಕ್ಕೆ ಸಾಕು, ಇಪ್ಪತ್ತಾದ ಮೇಲೆ ಗೆರೆಗಳನ್ನು ಮತ್ತೆ ಲೆಕ್ಕ ಹಾಕಿದರೆ ಹೆಚ್ಚು ನಂಬಬಹುದು.

ಮುಂದಿನ ಲಾಟ್ 13.1 ಬಂದರೆ? ಗೆರೆ ದಾಟಿದೆ, ಅದೇ ದಿನ ಹೋಗಿ ಕಾರಣ ಹುಡುಕಿ. ಟಾರ್ಪಲ್ ಹರಿದಿತ್ತೋ, ಅಕಾಲ ಮಳೆ ಬಿತ್ತೋ, ಎರಡು ಲಾಟ್ ಬೆರೆತವೋ, ಏನೋ ಒಂದು ಸಿಕ್ಕೇ ಸಿಗುತ್ತದೆ. 12.2 ಬಂದರೆ? ಗೆರೆಯೊಳಗಿದೆ. ವಿಶೇಷ ಕಾರಣ ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿತು ಎಂದುಕೊಂಡರೆ ಅದು ಸುಳ್ಳು ಕಾರಣ. ಗೆರೆ ದಾಟದಿದ್ದರೂ ಎಂಟು ಚುಕ್ಕೆ ಸಾಲಾಗಿ ಸರಾಸರಿಯ ಒಂದೇ ಕಡೆ ಬಿದ್ದರೆ ಏನೋ ಬದಲಾಗಿದೆ ಎಂದು ಅರ್ಥ.

ಇನ್ನು ಈ ಲೆಕ್ಕದ ಕಹಿ ಭಾಗ. ನಿಮ್ಮ ವ್ಯಾಪಾರಿ 12ರ ಮೇಲೆ ಒಪ್ಪುವುದಿಲ್ಲ ಎನ್ನಿ. ನಿಮ್ಮ ಮೇಲಿನ ಗೆರೆ 12.62. ಅಂದರೆ ಯಾರೂ ಏನೂ ತಪ್ಪು ಮಾಡದೆ, ಎಲ್ಲವೂ ಎಂದಿನಂತೆ ನಡೆದಾಗಲೂ, ಆಗೊಮ್ಮೆ ಈಗೊಮ್ಮೆ ಒಂದು ಲಾಟ್ 12 ದಾಟುತ್ತದೆ. ಅದಕ್ಕೆ ಕಣ ಕಾಯುವವನನ್ನು ಬೈದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಿಮ್ಮ ಒಣಗಿಸುವ ವ್ಯವಸ್ಥೆಯೇ ಅಷ್ಟು ಅಗಲವಾಗಿ ಓಲಾಡುತ್ತದೆ. ವ್ಯವಸ್ಥೆ ಯಾರ ಕೈಯಲ್ಲಿದೆಯೋ ಅವರೇ ಅದನ್ನು ಬದಲಿಸಬೇಕು.

ಹೆಜ್ಜೆ 3: ಬೈಯುವ ಮುಂಚೆ ಅಲಸಂದೆ ಆಟ ಆಡಿ

ಎಡ್ವರ್ಡ್ಸ್ ಡೆಮಿಂಗ್ (1900–1993) ಶೂಹಾರ್ಟ್‌ರ ವಿಚಾರವನ್ನು ಕಾರ್ಖಾನೆಯ ನೆಲದಿಂದ ಯಜಮಾನರ ಕೋಣೆಗೆ ಒಯ್ದವರು. 1950ರಲ್ಲಿ ಜಪಾನಿನ ವಿಜ್ಞಾನಿ-ಎಂಜಿನಿಯರುಗಳ ಒಕ್ಕೂಟ ಅವರನ್ನು ಉಪನ್ಯಾಸಕ್ಕೆ ಕರೆಸಿತು, ಮರುವರ್ಷವೇ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. ಜಪಾನನ್ನು ಅವರೊಬ್ಬರೇ ಎತ್ತಿ ನಿಲ್ಲಿಸಿದರು ಎಂಬ ಕಥೆ ಮಾತ್ರ ಉತ್ಪ್ರೇಕ್ಷೆ. ಅವರಿಗಿಂತ ಮುಂಚೆಯೇ ಬೇರೆ ಅಮೆರಿಕನ್ ಎಂಜಿನಿಯರುಗಳು ಅಲ್ಲಿ ತರಬೇತಿ ಕೊಟ್ಟಿದ್ದರು, 1954ರಲ್ಲಿ ಜುರಾನ್ ಹೋದರು, ಎಲ್ಲಕ್ಕಿಂತ ಹೆಚ್ಚಾಗಿ ಜಪಾನಿಗರು ತಾವೇ ಕಲಿತು ತಾವೇ ಬೆಳೆಸಿದರು. ನಮ್ಮ ದೇಶದಲ್ಲಿ ಆ ಪ್ರಶಸ್ತಿ ಮೊದಲು ಬಂದದ್ದು 1998ರಲ್ಲಿ, ಸುಂದರಂ-ಕ್ಲೇಟನ್‌ನ ಬ್ರೇಕ್ ವಿಭಾಗಕ್ಕೆ.

ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯ ತುಂಬ ಬಿಳಿ ಮಣಿ, ಅದರಲ್ಲಿ ಐದಕ್ಕೊಂದು ಕೆಂಪು. ಐವತ್ತು ಕುಳಿಗಳಿರುವ ಹಲಗೆ ಅದ್ದಿ ತೆಗೆಯಬೇಕು, ಕೆಂಪು ಬರಬಾರದು. ಕಡಿಮೆ ಕೆಂಪು ಬಂದವನಿಗೆ ಶಹಬ್ಬಾಸ್, ಹೆಚ್ಚು ಬಂದವನಿಗೆ ಎಚ್ಚರಿಕೆ, ಕೊನೆಗೆ ಕೆಲಸದಿಂದ ವಜಾ. ನೋಡುತ್ತಿದ್ದವರು ನಗುತ್ತಿದ್ದರು, ಆಮೇಲೆ ನಗು ನಿಲ್ಲುತ್ತಿತ್ತು, ಏಕೆಂದರೆ ತಮ್ಮ ಆಫೀಸಿನಲ್ಲಿ ನಡೆಯುವುದೂ ಅದೇ ಎಂದು ಹೊಳೆಯುತ್ತಿತ್ತು.

ಇದನ್ನು ಮನೆಯಲ್ಲೇ ಮಾಡಿ. ನಾಲ್ಕು ಪಾವು ಬಿಳಿ ಅಲಸಂದೆಗೆ ಅಷ್ಟೇ ಗಾತ್ರದ ಕೆಂಪು ಅಲಸಂದೆ ಒಂದು ಪಾವು ಬೆರೆಸಿ. ನೀವು, ಮೇಸ್ತ್ರಿ, ಮನೆಯವರು, ಇಬ್ಬರು ಕೆಲಸದವರು ಸುತ್ತ ಕೂತು ಕಣ್ಣುಮುಚ್ಚಿ ಐವತ್ತು ಕಾಳು ತೆಗೆಯಿರಿ, ಕೆಂಪು ಎಣಿಸಿ, ಬರೆದು, ಮತ್ತೆ ಬೆರೆಸಿ ಮುಂದಿನವರಿಗೆ ಕೊಡಿ. ಸರಾಸರಿ ಹತ್ತರ ಹತ್ತಿರ ಬರಬೇಕು. ಆದರೆ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಹದಿನಾಲ್ಕು ಬರುವುದು ತೀರಾ ಸಹಜ. ಆರು ಬಂದವರು ಜಾಣರೂ ಅಲ್ಲ, ಹದಿನಾಲ್ಕು ಬಂದವರು ಸೋಮಾರಿಗಳೂ ಅಲ್ಲ. ಕೆಂಪು ಬರಬಾರದೆಂದರೆ ಚೀಲಕ್ಕೆ ಕೆಂಪು ಹಾಕಿದವರು ತೆಗೆಯಬೇಕು. ಹಾಕಿದವರು ನೀವು.

ಕೆಲಸದಲ್ಲಿ ಬರುವ ತೊಂದರೆಯಲ್ಲಿ ಶೇ. 94ರಷ್ಟು ವ್ಯವಸ್ಥೆಗೆ ಸೇರಿದ್ದು ಎಂಬುದು ಡೆಮಿಂಗ್ ಅಂದಾಜು. ಆ ಅಂಕಿಯನ್ನು ಅಳತೆ ಎಂದು ತಿಳಿಯಬೇಕಿಲ್ಲ, ಅನುಭವಿಯ ಅಂದಾಜು ಎಂದು ತೆಗೆದುಕೊಂಡರೆ ಸಾಕು. ಅವರ ಹದಿನಾಲ್ಕು ಅಂಶಗಳಲ್ಲಿ ನಮಗೆ ನೇರವಾಗಿ ತಟ್ಟುವವು ಮೂರು. ಭಯ ಓಡಿಸಿ: ಕಣದಲ್ಲಿ ಬೂಸ್ಟು ಕಂಡದ್ದನ್ನು ಹೇಳಲು ಹೆದರುವವನು ಅದನ್ನು ಗೋಣಿಯ ತಳಕ್ಕೆ ತಳ್ಳುತ್ತಾನೆ. ಬೆಲೆಯೊಂದನ್ನೇ ನೋಡಿ ಕೊಳ್ಳಬೇಡಿ: ಅಗ್ಗದ ಟಾರ್ಪಲ್ ಜನವರಿಯ ಒಂದು ಮಳೆಗೆ ತನ್ನ ನಿಜವಾದ ಬೆಲೆ ತೋರಿಸುತ್ತದೆ. ಸಂಖ್ಯೆಯ ಗುರಿ ತೆಗೆದುಹಾಕಿ: ಇದು ನಮಗೆ ಎಲ್ಲಕ್ಕಿಂತ ಕಷ್ಟದ್ದು, ಐದನೇ ಹೆಜ್ಜೆಯಲ್ಲಿ ಮತ್ತೆ ಬರುತ್ತದೆ.

ಅವರ ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಲಾಟ್ 11.8 ಬಂತೆಂದು ಮುಂದಿನದನ್ನು ಎರಡು ದಿನ ಹೆಚ್ಚು ಒಣಗಿಸುವುದು, ಅದು 10.5ಕ್ಕೆ ಇಳಿಯಿತೆಂದು ಅದರ ಮುಂದಿನದನ್ನು ಬೇಗ ತುಂಬುವುದು, ಹೀಗೆ ಪ್ರತಿ ಅಂಕಿಗೂ ಕುಣಿದರೆ ಏರಿಳಿತ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಗೆರೆಯೊಳಗಿನ ಚುಕ್ಕೆಯನ್ನು ಮುಟ್ಟಬೇಡಿ.

ಹೆಜ್ಜೆ 4: ಯಾವ ದೋಷ ಮೊದಲು?

ಮತ್ತೆ ಜುರಾನ್. ಸಂಪತ್ತಿನ ಹಂಚಿಕೆಯ ಬಗ್ಗೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಹೇಳಿದ್ದನ್ನು ಅವರು ದೋಷಗಳಿಗೆ ಹಚ್ಚಿದರು: ಕೆಲವೇ ಕಾರಣಗಳು ಹೆಚ್ಚಿನ ನಷ್ಟ ತರುತ್ತವೆ. ಪರೇಟೊ ಹೆಸರಿಟ್ಟದ್ದು ಅಷ್ಟು ಸರಿಯಲ್ಲ ಎಂದು ಆಮೇಲೆ ಜುರಾನ್ ತಾವೇ ಒಪ್ಪಿಕೊಂಡರು, ಆದರೆ ಹೆಸರು ಅಂಟಿಕೊಂಡಾಗಿತ್ತು.

ಹುಲ್ಲರಿನಿಂದ (ಒಣಗಿದ ಸಿಪ್ಪೆ ಬಿಡಿಸುವ ಯಂತ್ರ) ಬಂದ ಬೀಜದಿಂದ ಒಂದಿಷ್ಟು ತೂಗಿ, ಬಿಳಿ ಬಟ್ಟೆಯ ಮೇಲೆ ಹರಡಿ, ದೋಷದ ಬೀಜಗಳನ್ನು ಬಗೆಬಗೆಯಾಗಿ ಗುಡ್ಡೆ ಮಾಡಿ. ನೂರು ದೋಷದ ಬೀಜ ಸಿಕ್ಕಿತು, ಅದರಲ್ಲಿ ಬಲಿಯದ ಕಾಯಿಯವು 46, ಪಲ್ಪರ್‌ನಲ್ಲಿ (ಹಸಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಪೆಟ್ಟು ತಿಂದವು 27, ಬೆರ್ರಿ ಬೋರರ್ ಹುಳು ಕೊರೆದವು 12, ಕಪ್ಪಾದವು 8, ಉಳಿದದ್ದು 7 ಎಂದಿಟ್ಟುಕೊಳ್ಳಿ. ಮೊದಲ ಎರಡೇ 73. ಹಾಗಿರುವಾಗ ಬೋರರ್‌ಗೆ ಸಿಂಪರಣೆಯ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಂಡು ಈ ವರ್ಷ ಕಳೆಯುವುದು ಜಾಣತನವಲ್ಲ. ಒಂದು ಎಚ್ಚರಿಕೆ ಬೇಕು: ಎಣಿಕೆಯಲ್ಲಿ ಚಿಕ್ಕದಾದದ್ದು ಹಣದಲ್ಲಿ ದೊಡ್ಡದಾಗಿರಬಹುದು. ಬೂಸ್ಟು ಹಿಡಿದ ನಾಲ್ಕು ಬೀಜ ಇಡೀ ಲಾಟನ್ನು ತಿರಸ್ಕಾರ ಮಾಡಿಸಬಲ್ಲವು. ಹಾಗಾಗಿ ಎಣಿಕೆಯ ಪಕ್ಕ ರೂಪಾಯಿಯ ಕಾಲಂ ಕೂಡ ಇರಲಿ.

ಹೆಜ್ಜೆ 5: ಮೀನಿನ ಮುಳ್ಳು, ಎಲ್ಲರೂ ಕೂತು

ಕಾವೊರು ಇಷಿಕಾವಾ (1915–1989) 1943ರಲ್ಲಿ ಕವಾಸಾಕಿ ಉಕ್ಕಿನ ಕಾರ್ಖಾನೆಯಲ್ಲಿ ಬಳಸಿದ ನಕ್ಷೆ ಇದು. ಮೀನಿನ ತಲೆಯಲ್ಲಿ ದೋಷ, ಮುಳ್ಳುಗಳಲ್ಲಿ ಕಾರಣಗಳು: ಜನ, ಯಂತ್ರ, ವಿಧಾನ, ಮಾಲು, ಅಳತೆ, ಸುತ್ತಲಿನ ಪರಿಸ್ಥಿತಿ. ನಕ್ಷೆ ಬಿಡಿಸುವುದು ಐದು ನಿಮಿಷದ ಕೆಲಸ, ಇಂಟರ್‌ನೆಟ್ಟಿನಲ್ಲಿ ಸಾವಿರ ಸಿಗುತ್ತವೆ. ಇಷಿಕಾವಾ ಅವರ ನಿಜವಾದ ಕೊಡುಗೆ ಅದನ್ನು ಯಾರು ತುಂಬಬೇಕು ಎಂಬುದರಲ್ಲಿದೆ. 1962ರಿಂದ ಜಪಾನಿನಲ್ಲಿ ಹಬ್ಬಿದ ಕ್ವಾಲಿಟಿ ಸರ್ಕಲ್‌ಗಳ ಹಿಂದೆ ಅವರಿದ್ದರು. ಕೆಲಸ ಮಾಡುವವರೇ ಕೂತು, ತಮ್ಮ ಕೆಲಸದ ಅಂಕಿ ತಾವೇ ನೋಡಿ, ಕಾರಣ ತಾವೇ ಹೇಳುವ ಗುಂಪುಗಳು ಅವು.

ತೋಟದಲ್ಲಿ ಇದಕ್ಕೆ ಚಹಾದ ಹೊತ್ತೇ ಸರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ನಡೆಯುತ್ತದೆ. ‘ಕಾಯಿ ಯಾಕೆ ಬರುತ್ತೆ?’ ಎಂದು ಕೇಳಿ ನೀವು ಸುಮ್ಮನಿರಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ‘ಏನಿಲ್ಲ ಸಾರ್, ಇನ್ಮೇಲೆ ಸರಿಯಾಗಿ ಕುಯ್ತೀವಿ’ ಎನ್ನುತ್ತಾರೆ. ಅದನ್ನು ಉತ್ತರ ಎಂದು ಬರೆದುಕೊಳ್ಳಬೇಡಿ. ಕೊಂಚ ತಾಳಿದರೆ ಹೊರಬರುವುದು ಇಂಥವು: ಕಿಲೋ ಲೆಕ್ಕದಲ್ಲಿ ಕೂಲಿ, ಹಾಗಾಗಿ ಗೊಂಚಲನ್ನೇ ಸವರಿಬಿಡುವುದು ಲಾಭ. ಆನೆ ಕಾಟದಿಂದ ಬೆಳಗ್ಗೆ ತಡವಾಗಿ ತೋಟಕ್ಕೆ ಇಳಿಯುವುದು, ಸಂಜೆ ಬೇಗ ಹೊರಡುವುದು, ಉಳಿದ ಹೊತ್ತಿನಲ್ಲಿ ಅವಸರ. ಹೊರ ರಾಜ್ಯದಿಂದ ಹೊಸದಾಗಿ ಬಂದವರಿಗೆ ಯಾವ ಬಣ್ಣದ ಹಣ್ಣು ಎಂದು ಯಾರೂ ತೋರಿಸಿಲ್ಲ. ಎರಡನೇ ಸುತ್ತಿಗೆ ಜನ ಸಿಗುವುದಿಲ್ಲ ಎಂದು ಯಜಮಾನರೇ ಒಂದೇ ಸುತ್ತಿನಲ್ಲಿ ಮುಗಿಸಲು ಹೇಳಿದ್ದಾರೆ.

ಈ ನಾಲ್ಕರಲ್ಲಿ ಕೊಯ್ಯುವವರ ಸ್ವಭಾವಕ್ಕೆ ಸೇರಿದ್ದು ಯಾವುದು? ಕಿಲೋ ಲೆಕ್ಕದ ಕೂಲಿ ಇಟ್ಟು ಹಣ್ಣು ಮಾತ್ರ ಕೊಯ್ಯಿ ಎನ್ನುವುದು ಎರಡು ಬಾಯಲ್ಲಿ ಮಾತಾಡಿದ ಹಾಗೆ. ಡೆಮಿಂಗ್ ಸಂಖ್ಯೆಯ ಗುರಿ ಬೇಡ ಎಂದದ್ದು ಇದಕ್ಕೇ. ಕೊಯ್ಲಿನ ಹೊತ್ತಿಗೆ ಜನ ಸಿಗದ ನಾಡಿನಲ್ಲಿ ಕಿಲೋ ಲೆಕ್ಕ ಪೂರ್ತಿ ಬಿಡುವುದು ಸುಲಭವಲ್ಲ, ಅದು ನನಗೂ ಗೊತ್ತು. ದಾರಿ ಇಲ್ಲ ಎಂದೂ ಅಲ್ಲ, ಏಳನೇ ಹೆಜ್ಜೆ ನೋಡಿ.

ಕಾರಣ ಸಿಕ್ಕಿದ ಮೇಲೂ ಒಂದೆರಡು ಸಲ ‘ಯಾಕೆ’ ಕೇಳುವ ಅಭ್ಯಾಸ ಟೊಯೊಟಾದ ತೈಚಿ ಓನೋ (1912–1990) ಅವರಿಂದ ಕಲಿಯಬಹುದು. ಕಣದ ಒಂದು ಮೂಲೆಯ ಕಾಫಿಗೆ ಬೂಸ್ಟು. ಯಾಕೆ? ರಾತ್ರಿ ಇಬ್ಬನಿ ತಾಗಿತು. ಯಾಕೆ? ಗುಡ್ಡೆಯ ತುದಿ ಟಾರ್ಪಲ್ ಹೊರಗಿತ್ತು. ಯಾಕೆ? ಟಾರ್ಪಲ್ ಸಾಲಲಿಲ್ಲ. ಯಾಕೆ? ಕಣ ದೊಡ್ಡದು ಮಾಡಿದಾಗ ಟಾರ್ಪಲ್ ತರಲಿಲ್ಲ. ಇಲ್ಲಿಗೆ ನಿಲ್ಲಿಸಬಹುದು, ಐದು ಸಲವೇ ಆಗಬೇಕೆಂಬ ಶಾಸ್ತ್ರವಿಲ್ಲ.

ಹೆಜ್ಜೆ 6: ಮರೆವಿಗೆ ಜಾಗ ಕೊಡಬೇಡಿ

ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ (1909–1990) 1961ರಲ್ಲಿ ಒಂದು ವಿದ್ಯುತ್ ಉಪಕರಣ ಕಾರ್ಖಾನೆಗೆ ಹೋದರು. ಅಲ್ಲಿ ಗುಂಡಿಯ ಕೆಳಗೆ ಎರಡು ಸ್ಪ್ರಿಂಗ್ ಕೂರಿಸಬೇಕು, ಕೆಲಸದವರು ಆಗಾಗ ಒಂದನ್ನು ಮರೆಯುತ್ತಿದ್ದರು. ಎಚ್ಚರಿಕೆಯ ಮಾತು ನಾಲ್ಕು ದಿನ ನಡೆಯುತ್ತಿತ್ತು, ಮತ್ತೆ ಹಳೆಯ ಕಥೆ. ಶಿಂಗೊ ಒಂದು ಚಿಕ್ಕ ತಟ್ಟೆ ಇಡಿಸಿದರು. ಮೊದಲು ಎರಡು ಸ್ಪ್ರಿಂಗ್ ತಟ್ಟೆಗೆ, ಆಮೇಲೆ ಗುಂಡಿಗೆ. ತಟ್ಟೆಯಲ್ಲಿ ಒಂದು ಉಳಿದರೆ ಅಲ್ಲೇ ಕಾಣುತ್ತದೆ.

ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು:
- ಹರಡುವ ದಪ್ಪಕ್ಕೆ ಗುರುತು ಕಡ್ಡಿ: ಚೆರ್ರಿಗೆ ಮೂರು ಅಂಗುಲದ ಬಳಿ ಕೆಂಪು ಬಣ್ಣ. ಕಡ್ಡಿ ನೆಟ್ಟಾಗ ಕೆಂಪು ಮುಚ್ಚಿದರೆ ದಪ್ಪ ಹೆಚ್ಚು.
- ಅರೇಬಿಕಾ ಪಾರ್ಚ್‌ಮೆಂಟ್ ಗೋಣಿಗೆ ಒಂದು ಬಣ್ಣದ ದಾರ, ರೋಬಸ್ಟಾ ಚೆರ್ರಿಗೆ ಇನ್ನೊಂದು, ನೆಲದಿಂದ ಹೆಕ್ಕಿದ್ದಕ್ಕೆ ಮತ್ತೊಂದು. ಕತ್ತಲಲ್ಲಿ ಕರೆಂಟ್ ಹೋದಾಗಲೂ ಬೆರೆಯದಂತೆ ದಾರದ ಗಂಟೂ ಬೇರೆ ಇರಲಿ.
- ಪಲ್ಪರ್ ಸರಿಯಾಗಿ ಹೊಂದಿಸಿದ ದಿನವೇ ಸ್ಕ್ರೂ ಮೇಲೂ ಚೌಕಟ್ಟಿನ ಮೇಲೂ ಸೇರಿಸಿ ಒಂದು ಬಣ್ಣದ ಗೆರೆ. ಸರಿದರೆ ಗೆರೆ ಒಡೆದು ಕಾಣುತ್ತದೆ.

ಹೋಂಸ್ಟೇ ಇರುವವರಿಗೂ ಇದೇ ಹೆಜ್ಜೆ ಹೆಚ್ಚು ಉಪಯೋಗ. ಗೀಸರ್ ಆನ್ ಮಾಡಲು ಮರೆಯುವುದು, ಟವೆಲ್ ಒಂದು ಕಡಿಮೆ ಇಡುವುದು, ಅತಿಥಿ ದಾರಿ ತಪ್ಪಿ ಇನ್ನೊಂದು ಗೇಟಿಗೆ ಹೋಗುವುದು, ಇವೆಲ್ಲ ಹುಡುಗನಿಗೆ ಹೇಳಿ ಹೇಳಿ ಸರಿಹೋಗುವಂಥವಲ್ಲ. ಕೋಣೆಯ ಬೀಗದ ಕೈಯನ್ನು ಗೀಸರ್ ಸ್ವಿಚ್ಚಿನ ಪಕ್ಕದ ಮೊಳೆಗೆ ತೂಗುಹಾಕಿದರೆ ಕೈ ತೆಗೆಯುವಾಗ ಸ್ವಿಚ್ ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 7: ಇಡೀ ತೋಟ ಬದಲಿಸುವ ಮುಂಚೆ ಒಂದು ಎಕರೆ

ಯೋಚಿಸಿ, ಸಣ್ಣದಾಗಿ ಮಾಡಿ, ಏನಾಯಿತು ಎಂದು ಓದಿ, ಮುಂದುವರಿಸಿ ಇಲ್ಲವೇ ಕೈಬಿಡಿ. ನಾಲ್ಕು ಹಂತದ ಈ ಚಕ್ರವನ್ನು ಜನ ಡೆಮಿಂಗ್ ಹೆಸರಿನಲ್ಲಿ ಕರೆಯುತ್ತಾರೆ, ಡೆಮಿಂಗ್ ಅದನ್ನು ಶೂಹಾರ್ಟ್ ಚಕ್ರ ಎನ್ನುತ್ತಿದ್ದರು. ನಮ್ಮವರು ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಹೊಸದು ಮಾಡುತ್ತಾರೆ, ‘ಪರವಾಗಿಲ್ಲ’ ಎನ್ನುತ್ತಾರೆ, ಅಂಕಿ ಯಾರೂ ಬರೆದಿರುವುದಿಲ್ಲ.

ಕೂಲಿಯ ಪ್ರಶ್ನೆಗೆ ಇದನ್ನು ಹಚ್ಚಿ. ಒಂದು ಎಕರೆಯಲ್ಲಿ ದಿನಗೂಲಿ ಮತ್ತು ಹಣ್ಣು ಮಾತ್ರ ಎಂಬ ಷರತ್ತು, ಪಕ್ಕದ ಎಕರೆಯಲ್ಲಿ ಎಂದಿನಂತೆ ಕಿಲೋ ಲೆಕ್ಕ. ಎರಡೂ ಕಡೆ ಪ್ರತಿ ಚೀಲದಿಂದ ಕಣ್ಣುಮುಚ್ಚಿ ನೂರು ಹಣ್ಣು ತೆಗೆದು ಕಾಯಿ ಎಷ್ಟು ಎಣಿಸಿ. ಕೊಯ್ಲಿನ ಖರ್ಚು ಕಿಲೋಗೆ ಎಷ್ಟು ಹೆಚ್ಚಾಯಿತು, ಔಟ್‌ಟರ್ನ್ ಎಷ್ಟು ಏರಿತು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ರೋಬಸ್ಟಾ ಚೆರ್ರಿಯನ್ನು ಸ್ಥಳೀಯ ವ್ಯಾಪಾರಿಗೆ ಮಾರುವವರಿಗೆ ಲೆಕ್ಕ ಕೂಡದಿರಬಹುದು, ನೇರವಾಗಿ ರೋಸ್ಟರಿಗೆ ಕೊಡುವವರಿಗೆ ಕೂಡಬಹುದು. ಉತ್ತರ ನಿಮ್ಮ ಹಾಳೆಯಲ್ಲೇ ಸಿಗಬೇಕು.

ಜಪಾನಿನ ಎಂಜಿನಿಯರ್ ಗೆನಿಚಿ ಟಗುಚಿ (1924–2012) ಇಲ್ಲಿ ಎರಡು ವಿಚಾರ ಸೇರಿಸುತ್ತಾರೆ. ಒಂದು, ಮಿತಿಯೊಳಗಿದೆ ಎಂದರೆ ನಷ್ಟವಿಲ್ಲ ಎಂದಲ್ಲ. ಗುರಿಯಿಂದ ದೂರ ಸರಿದಷ್ಟೂ ನಷ್ಟ ಆ ದೂರದ ವರ್ಗದ ಪ್ರಮಾಣದಲ್ಲಿ ಬೆಳೆಯುತ್ತದೆ, ಅದೂ ಎರಡು ಕಡೆಗೂ. ‘ಒಣಗಿದಷ್ಟೂ ಒಳ್ಳೆಯದು’ ಎನ್ನುವವರು ಗಮನಿಸಿ: ಶೇ. 11 ತೇವಾಂಶದ 100 ಕಿಲೋ ಕಾಫಿಯನ್ನು ಶೇ. 9ಕ್ಕೆ ಇಳಿಸಿದರೆ ಉಳಿಯುವುದು 97.8 ಕಿಲೋ. ಎರಡು ಕಿಲೋಗೂ ಮಿಕ್ಕಿ ಗಾಳಿಗೆ ಹೋಯಿತು, ಜತೆಗೆ ಅತಿಯಾಗಿ ಒಣಗಿದ ಬೀಜ ಹುಲ್ಲರಿನಲ್ಲಿ ಒಡೆಯುತ್ತದೆ.

ಎರಡನೆಯದು ಮಂಜು-ಮಳೆಯ ನಾಡಿಗೆ ಇನ್ನೂ ಮುಖ್ಯ. 1953ರಲ್ಲಿ ಇನಾ ಎಂಬ ಹೆಂಚು ಕಂಪನಿಯ ಗೂಡಿನಲ್ಲಿ ಶಾಖ ಒಂದೇ ಸಮ ಹರಡದೆ ಹೆಂಚುಗಳ ಅಳತೆ ಬೇರೆಬೇರೆಯಾಗುತ್ತಿತ್ತು. ಹೊಸ ಗೂಡು ಕಟ್ಟುವುದು ದುಬಾರಿ. ಟಗುಚಿ ವಿಧಾನದಲ್ಲಿ ಪ್ರಯೋಗ ಮಾಡಿ ಮಣ್ಣಿನಲ್ಲಿ ಸುಣ್ಣದ ಪ್ರಮಾಣ ಹೆಚ್ಚಿಸಿದರು. ಗೂಡು ಹಾಗೇ ಇತ್ತು, ಹೆಂಚು ಸರಿಯಾಯಿತು. ನಮ್ಮ ಬಿಸಿಲನ್ನೂ ಸರಿಪಡಿಸಲು ಆಗುವುದಿಲ್ಲ. ಬಿಸಿಲು ಹೇಗಿದ್ದರೂ ಕಾಫಿ ಹೆಚ್ಚು ಕೆಡದಂತೆ ಏನು ಮಾಡಬಹುದು ಎಂದು ಕೇಳಿಕೊಳ್ಳಿ: ತೆಳುವಾಗಿ ಹರಡುವುದೇ, ನೆಲದಿಂದ ಎತ್ತರದ ಬಲೆಯ ಮಂಚವೇ, ಪಾಲಿಹೌಸೇ, ಗಂಟೆಗೊಮ್ಮೆ ಕೈಯಾಡಿಸುವುದೇ? ಮೂರು ಬದಲಾವಣೆಯನ್ನು ಒಟ್ಟಿಗೆ, ಲೆಕ್ಕಬದ್ಧವಾಗಿ, ಕಡಿಮೆ ಪ್ರಯೋಗಗಳಲ್ಲಿ ಪರೀಕ್ಷಿಸುವ ಕೋಷ್ಟಕಗಳೂ ಟಗುಚಿಯವರ ಸಾಧನಗಳು. ಅವುಗಳ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. 1954–55ರಲ್ಲಿ ಟಗುಚಿ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇದ್ದು ಹೋದರು.

ಇಂಥ ಪ್ರಯೋಗಕ್ಕೆ ಕೈಹಾಕುವ ಮುನ್ನ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಮಾಡಿ ಮುಗಿಸಿದ್ದನ್ನು ಮತ್ತೆ ನಮ್ಮ ಕಣದಲ್ಲಿ ಮಾಡಿ ಕಾಫಿ ಕೆಡಿಸುವುದು ಬೇಡ.

ಹೆಜ್ಜೆ 8: ಕಾಣದ ಖರ್ಚಿನ ಲೆಕ್ಕ

ಅರ್ಮಂಡ್ ಫೈಗನ್‌ಬಾಮ್ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದವರು. ಪ್ರತಿ ಕಾರ್ಖಾನೆಯೊಳಗೆ ಕಣ್ಣಿಗೆ ಕಾಣದ ಇನ್ನೊಂದು ಕಾರ್ಖಾನೆ ಇರುತ್ತದೆ, ತಪ್ಪಾದದ್ದನ್ನು ಮತ್ತೆ ಮಾಡುವುದೇ ಅದರ ಕೆಲಸ ಎಂದರು. ತೋಟದ ಪುಸ್ತಕದಲ್ಲಿ ಮೂರು ಕಾಲಂ ಹಾಕಿ: ತಡೆಯಲು ಮಾಡಿದ ಖರ್ಚು (ಟಾರ್ಪಲ್, ಕಲಿಸಿಕೊಟ್ಟ ಹೊತ್ತು, ಪಲ್ಪರ್ ರಿಪೇರಿ), ಪರೀಕ್ಷೆಯ ಖರ್ಚು (ಮೀಟರ್, ಎಣಿಸುವ ಕೂಲಿ), ಕೆಟ್ಟದ್ದರ ಖರ್ಚು (ಮತ್ತೆ ಒಣಗಿಸಿದ್ದು, ಮತ್ತೆ ಆರಿಸಿದ್ದು, ವ್ಯಾಪಾರಿ ಕಡಿತ ಮಾಡಿದ್ದು). ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಮೂರನೆಯದು ‘ಕಣದ ಕೂಲಿ’ ಎಂಬ ಹೆಸರಿನಲ್ಲಿ ಅಡಗಿ ಕೂತಿರುತ್ತದೆ. ಗುಣಮಟ್ಟಕ್ಕೆ ಹಣ ಬೇಕಿಲ್ಲ, ಅದಿಲ್ಲದ್ದಕ್ಕೇ ನಾವು ಹಣ ಕೊಡುವುದು ಎಂಬರ್ಥದಲ್ಲಿ ಕ್ರಾಸ್ಬಿ 1979ರಲ್ಲಿ ವಾದಿಸಿದ್ದು ಈ ಮೂರನೇ ಕಾಲಂ ಕುರಿತು.

ಕ್ರಾಸ್ಬಿಯವರ ‘ಶೂನ್ಯ ದೋಷ’ದ ಘೋಷಣೆಯನ್ನು ಮಾತ್ರ ನಾನು ಬಿಡುತ್ತೇನೆ. ಕಣದ ಗೋಡೆಗೆ ಬೋರ್ಡ್ ಬರೆಸಿದರೆ ಇಬ್ಬನಿ ನಿಲ್ಲುವುದಿಲ್ಲ, ಘೋಷಣೆಗಳನ್ನು ತೆಗೆದುಹಾಕಿ ಎಂದ ಡೆಮಿಂಗ್ ಪಕ್ಷ ನನ್ನದು. ಮೊಟೊರೊಲಾದಲ್ಲಿ 1980ರ ದಶಕದಲ್ಲಿ ಹುಟ್ಟಿದ ಸಿಕ್ಸ್ ಸಿಗ್ಮಾ ಕೂಡ ಹತ್ತು ಎಕರೆಗೆ ಬೇಕಿಲ್ಲ. ಹತ್ತು ಲಕ್ಷದಲ್ಲಿ 3.4 ದೋಷದ ಲೆಕ್ಕ ಹಿಡಿಯಲು ಅಷ್ಟು ಬೀಜ ಎಣಿಸುವವರು ಯಾರು?

ಯಾವಾಗ ಏನು

ಎಲ್ಲವನ್ನೂ ಒಂದೇ ಹಂಗಾಮಿನಲ್ಲಿ ಶುರು ಮಾಡಬೇಡಿ. ಮಳೆಗಾಲದಲ್ಲಿ, ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಗಿರಾಕಿಯ ಹಾಳೆ ಮತ್ತು ಅಲಸಂದೆ ಆಟ ಮುಗಿಸಿ. ಸುಗ್ಗಿಹಬ್ಬ ಪುತ್ತರಿ ಕಳೆದು ಅರೇಬಿಕಾ ಕೊಯ್ಲು ಜೋರಾಗುವಾಗ ಮಾಯಿಶ್ಚರ್ ಬರೆಯುವುದಷ್ಟೇ ಇರಲಿ, ಗೆರೆ ಎಳೆಯುವ ಆತುರ ಬೇಡ. ಅರೇಬಿಕಾ ಪಾರ್ಚ್‌ಮೆಂಟಿನ ಹಾಳೆ ಬೇರೆ, ರೋಬಸ್ಟಾ ಚೆರ್ರಿಯದು ಬೇರೆ, ಎರಡನ್ನೂ ಒಂದೇ ಚಾರ್ಟಿನಲ್ಲಿ ಬೆರೆಸಿದರೆ ಏನೂ ತಿಳಿಯುವುದಿಲ್ಲ. ಜನವರಿಯಿಂದ ರೋಬಸ್ಟಾ ಬರುವಾಗ ಚಾರ್ಟ್ ನಡೆಯಲಿ, ಚಹಾದ ಹೊತ್ತಿನ ಕೂಟ ವಾರಕ್ಕೊಮ್ಮೆ ಸಾಕು. ಮೆಣಸು ಒಣಗಿಸುವಾಗ ಅದೇ ಚಾರ್ಟ್ ಬಳಸಬಹುದು, ತೇವಾಂಶದ ಜತೆ ಲೀಟರ್ ತೂಕವನ್ನೂ (ಒಂದು ಲೀಟರ್ ಮೆಣಸು ಎಷ್ಟು ತೂಗುತ್ತದೆ ಎಂಬುದು) ಚುಕ್ಕೆ ಇಡಿ.

ಏಪ್ರಿಲ್ ಹೊತ್ತಿಗೆ ಕ್ಯೂರಿಂಗ್ ವರ್ಕ್ಸ್‌ನಿಂದ ಗ್ರೇಡಿನ ವಿವರ ಕೇಳಿ ಪಡೆಯಿರಿ. ಅನೇಕರು ದುಡ್ಡು ಎಣಿಸಿ ಆ ಚೀಟಿಯನ್ನು ಜೇಬಿನಲ್ಲೇ ಒಗೆಯಲು ಹಾಕುತ್ತಾರೆ. ಯಾವ ಲಾಟಿನಿಂದ ಬಿಬಿಬಿ ಹೆಚ್ಚು ಬಂತು ಎಂದು ನಿಮ್ಮ ಚಾರ್ಟಿನ ಪಕ್ಕ ಇಟ್ಟು ನೋಡಬೇಕಾದರೆ ಗೋಣಿಗಳ ಮೇಲೆ ಲಾಟ್ ಸಂಖ್ಯೆ ಬರೆದಿರಬೇಕು. ಅದಕ್ಕೆ ಮಾರ್ಕರ್ ಪೆನ್ನು ಈಗಲೇ ತಂದಿಡಿ.